ನಿದ್ದೆ ಮಾಡಿದವನು ಡ್ರೈವರ್, ನಿದ್ದೆ ಕೆಡಿಸಿದವರು ಯಾರು?



ಹೊಸೂರಿನಲ್ಲಿರುವ ನಮಗೆ 44ನೇ ರಾಷ್ಟ್ರೀಯ ಹೆದ್ದಾರಿ ಅಂದರೆ ಮನೆಯ ಮುಂದಿನ ಬೀದಿ ಇದ್ದ ಹಾಗೆ. ಬೆಳಿಗ್ಗೆ ಎದ್ದು ಫೋನ್ ನೋಡಿದರೆ ವಾಟ್ಸಾಪ್ ಗುಂಪಿನಲ್ಲಿ ಫೋಟೊ ಬಂದಿರುತ್ತದೆ. ರಸ್ತೆ ಬದಿ ನಿಂತ ಲಾರಿಗೆ ಹಿಂದಿನಿಂದ ನುಗ್ಗಿದ ಇನ್ನೊಂದು ಲಾರಿ, ಇಲ್ಲವೇ ತೊಪ್ಪೂರು ಘಾಟಿಯಲ್ಲಿ ಬ್ರೇಕ್ ಹಿಡಿಯದೆ ಮುಂದಿನ ಕಾರುಗಳ ಮೇಲೆ ಹರಿದ ಟ್ರೈಲರ್. ಕೆಳಗೆ ಒಂದೇ ಸಾಲು: 'ಡ್ರೈವರ್ ನಿದ್ದೆ ಮಾಡ್ಬಿಟ್ಟ.' ನಾವು ಕೈ ಮುಗಿದ ಚಿತ್ರ ಒಂದನ್ನು ಹಾಕಿ ಮುಂದಕ್ಕೆ ಹೋಗುತ್ತೇವೆ.

ಆ ಒಂದು ಸಾಲಿನ ಮೇಲೆ ನನಗೆ ಸಿಟ್ಟಿದೆ. ಅದು ಸುಳ್ಳು ಅಂತಲ್ಲ, ಅಲ್ಲಿಗೇ ನಿಂತುಬಿಡುತ್ತದೆ ಅಂತ.

ನಾನು ಎರಡು ವರ್ಷ ಒಂದು ಕಾರ್ಖಾನೆಯ ಡಿಸ್ಪ್ಯಾಚ್ ವಿಭಾಗದಲ್ಲಿ ಕೆಲಸ ಮಾಡಿದ್ದೇನೆ. ಲೋಡ್ ಹೊರಟ ಮೇಲೆ ಜಿಪಿಎಸ್ ನೋಡುತ್ತಾ ಡ್ರೈವರ್‌ಗೆ ಫೋನ್ ಮಾಡುವುದೇ ನನ್ನ ಕೆಲಸ. ಒಂದು ರಾತ್ರಿ ಎರಡೂವರೆಗೆ ಒಂದು ಗಾಡಿ ನಿಂತಿತ್ತು. ಫೋನ್ ಮಾಡಿದೆ. 'ಕಣ್ಣು ಎಳೀತಾ ಇದೆ ಸಾರ್, ಒಂದು ಗಂಟೆ ಮಲಗ್ತೀನಿ' ಅಂದರು. 'ಟೀ ಕುಡಿದು ಹೊರಡಿ ಅಣ್ಣಾ, ಆರು ಗಂಟೆಗೆ ಗೇಟಲ್ಲಿರಬೇಕು' ಅಂದೆ. ಅವರು ಹೊರಟರು, ಸಮಯಕ್ಕೆ ಸರಿಯಾಗಿ ತಲುಪಿದರು. ನನಗೆ ಮೇಲಿನವರಿಂದ ಶಾಬಾಸ್ ಸಿಕ್ಕಿತು. ಆ ರಾತ್ರಿ ಏನಾದರೂ ಆಗಿದ್ದರೆ ಎಫ್‌ಐಆರ್‌ನಲ್ಲಿ ಅವರ ಹೆಸರು ಇರುತ್ತಿತ್ತು. ನನ್ನ ಹೆಸರು ಎಲ್ಲಿಯೂ ಇರುತ್ತಿರಲಿಲ್ಲ.

ನಿದ್ದೆ ಅಂದರೆ ಮನಸ್ಸು ಗಟ್ಟಿ ಮಾಡಿಕೊಂಡರೆ ಓಡಿಹೋಗುವ ವಿಷಯವಲ್ಲ. ನಡುರಾತ್ರಿ ಎರಡರಿಂದ ಬೆಳಗಿನ ಜಾವ ಐದರ ತನಕ ದೇಹ ತಾನಾಗಿಯೇ ನಿದ್ದೆಗೆ ಇಳಿಯುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಮೂರು ಸೆಕೆಂಡ್ ರೆಪ್ಪೆ ಮುಚ್ಚಿದರೆ ಲಾರಿ 50 ಮೀಟರ್ ಕುರುಡಾಗಿ ಓಡಿರುತ್ತದೆ. ಸತತ 17 ಗಂಟೆ ಎಚ್ಚರವಿದ್ದವರ ಚುರುಕುತನ, ರಕ್ತದಲ್ಲಿ ಶೇ. 0.05 ಮದ್ಯ ಇರುವವರ ಮಟ್ಟಕ್ಕೆ ಇಳಿಯುತ್ತದೆ ಎಂದು ಸಂಶೋಧಕರು ಅಳೆದು ತೋರಿಸಿದ್ದಾರೆ. ನಮ್ಮ ದೇಶದಲ್ಲಿ ವಾಹನ ಓಡಿಸುವವರಿಗೆ ಕಾನೂನಿನ ಮಿತಿ ಶೇ. 0.03. ಅಂದರೆ 17 ಗಂಟೆ ಎಚ್ಚರವಿರುವ ಡ್ರೈವರ್‌ಗೆ ಇನ್ನೊಂದು ಟ್ರಿಪ್ ಕೊಡುವವನು ಕುಡಿದವನ ಕೈಗೆ ಕೀ ಕೊಟ್ಟ ಹಾಗೆಯೇ. ಕುಡಿತಕ್ಕೆ ಊದಿಸುವ ಯಂತ್ರ ಇದೆ, ದಣಿವಿಗೆ ಇಲ್ಲ. ವ್ಯತ್ಯಾಸ ಅಷ್ಟೇ.

ಕಾನೂನು ಇಲ್ಲವೇ? ಇದೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ ಎಂದಿತು. ಐದು ಗಂಟೆಗೊಮ್ಮೆ ಅರ್ಧ ಗಂಟೆಯಾದರೂ ಬಿಡುವು, ವಾರಕ್ಕೊಂದು ರಜೆ ಎಂದಿತು. 1988ರ ಮೋಟಾರು ವಾಹನ ಕಾಯ್ದೆಯ 91ನೇ ಕಲಮು ಅದನ್ನೇ ಒಪ್ಪಿಕೊಂಡಿತು. ಈಗ ಬಂದಿರುವ ಕಾರ್ಮಿಕ ಸಂಹಿತೆಯ ಲೆಕ್ಕವೂ 8 ಗಂಟೆಯೇ. ನಿಮಗೆ ಗೊತ್ತಿರುವ ಯಾವ ಲಾರಿ ಡ್ರೈವರ್ ಎಂಟು ಗಂಟೆಗೆ ಕೆಲಸ ಮುಗಿಸುತ್ತಾರೆ, ಹೇಳಿ. ನ್ಯಾಷನಲ್ ಪರ್ಮಿಟ್ ಲಾರಿಯಲ್ಲಿ ಇಬ್ಬರು ಡ್ರೈವರ್ ಇರಬೇಕೆಂಬ ನಿಯಮವನ್ನೂ 2018ರಲ್ಲಿ ಕೈಬಿಟ್ಟರು. ಯುರೋಪಿನಲ್ಲಿ ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ನಿಲ್ಲಿಸಲೇಬೇಕು. ಅದನ್ನು ದಾಖಲಿಸುವ ಯಂತ್ರ ಲಾರಿಯಲ್ಲೇ ಇರುತ್ತದೆ. ನಮ್ಮಲ್ಲೂ ಯಂತ್ರ ಇದೆ, ಜಿಪಿಎಸ್. ಆದರೆ ಅದು 'ಯಾಕೆ ನಿಲ್ಲಿಸಿದೆ' ಎಂದು ಕೇಳುವುದಕ್ಕೆ ಮಾತ್ರ.

ಶಿಕ್ಷೆಯನ್ನಂತೂ ಹೆಚ್ಚಿಸಿದ್ದಾರೆ. ಹಳೆಯ ದಂಡ ಸಂಹಿತೆಯಲ್ಲಿ ಅಜಾಗರೂಕತೆಯಿಂದ ಸಾವು ತಂದವರಿಗೆ ಎರಡು ವರ್ಷದ ತನಕ ಜೈಲು ಇತ್ತು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು ಐದು ವರ್ಷದ ತನಕ. ತಪ್ಪು ಮಾಡಿದವರಿಗೆ ಶಿಕ್ಷೆಯಾಗಲಿ, ಬೇಡ ಅನ್ನುವುದಿಲ್ಲ. ಆದರೆ ಆ ಐದು ವರ್ಷವನ್ನು ಸ್ಟೇರಿಂಗ್ ಹಿಡಿದವನು ಕಳೆಯುತ್ತಾನೆ. ಟೈಮ್ ಟೇಬಲ್ ಹಾಕಿದವನು ಮನೆಯಲ್ಲಿರುತ್ತಾನೆ.

ಪರಿಹಾರದ ಕೇಸಿನಲ್ಲೂ ಇದೇ ಕಥೆ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಡ್ರೈವರ್, ಮಾಲೀಕ, ವಿಮಾ ಕಂಪನಿ ಮೂವರನ್ನೂ ಎದುರುದಾರರನ್ನಾಗಿ ಮಾಡುತ್ತಾರೆ. 'ಅತಿವೇಗ ಮತ್ತು ಅಜಾಗರೂಕತೆಯ ಚಾಲನೆ' ಎಂದು ಸಾಬೀತಾದರೆ ಸಾಕು. ಹಣವನ್ನು ವಿಮೆ ಕಟ್ಟುತ್ತದೆ. ಡ್ರೈವರ್ ಎಷ್ಟು ಗಂಟೆಯಿಂದ ಓಡಿಸುತ್ತಿದ್ದ, ಯಾರು ಓಡಿಸಿದರು ಎಂದು ಕೇಳುವ ಅಗತ್ಯವೇ ಬರುವುದಿಲ್ಲ. ಮಾಲೀಕನ ಆತುರಕ್ಕೆ ಪ್ರೀಮಿಯಂ ಕಟ್ಟಿದರೆ ಮುಗಿಯಿತು. ಮರುದಿನ ಇನ್ನೊಬ್ಬ ಡ್ರೈವರ್, ಅದೇ ಟೈಮ್ ಟೇಬಲ್.

ಕೆಲವರು ಹೇಳುತ್ತಾರೆ, 'ದುಡ್ಡಿನ ಆಸೆಗೆ ಅವರೇ ಹೆಚ್ಚು ಟ್ರಿಪ್ ಹೊಡೀತಾರೆ' ಎಂದು. ಟ್ರಿಪ್ ಲೆಕ್ಕದಲ್ಲಿ ದುಡ್ಡು ಕೊಟ್ಟರೆ ನಿದ್ದೆ ಮಾಡಿದ ಗಂಟೆಗೆ ಕೂಲಿ ಇಲ್ಲ. ಮಕ್ಕಳ ಶಾಲೆ ಫೀಸಿಗಾಗಿ ಕಣ್ಣುಜ್ಜಿಕೊಂಡು ಓಡಿಸುವವರನ್ನು ಆಸೆಬುರುಕರು ಎನ್ನುವ ಮೊದಲು, ನಮ್ಮ ಪಾರ್ಸೆಲ್ ಒಂದು ದಿನ ತಡವಾದರೆ ನಾವು ಎಷ್ಟು ಕೂಗಾಡುತ್ತೇವೆ ನೋಡಿಕೊಳ್ಳೋಣ.

ಅದೇ ಡ್ರೈವರ್ ಸತ್ತರೆ? ತಪ್ಪು ಅವನದೇ ಆಗಿದ್ದರೆ ನ್ಯಾಯಮಂಡಳಿಯ ದಾರಿ ಕಷ್ಟ. ಆದರೆ ಕೆಲಸದಲ್ಲಿದ್ದಾಗ ಸತ್ತ ಕಾರ್ಮಿಕನ ಕುಟುಂಬಕ್ಕೆ 1923ರ ಕಾಯ್ದೆಯಿಂದಲೂ ಬೇರೆ ಹಕ್ಕಿದೆ. ಈಗ ಅದು ಸಾಮಾಜಿಕ ಭದ್ರತಾ ಸಂಹಿತೆಗೆ ಸೇರಿದೆ. ತಿಂಗಳ ಸಂಬಳದ ಅರ್ಧವನ್ನು ವಯಸ್ಸಿಗೆ ತಕ್ಕ ಸಂಖ್ಯೆಯಿಂದ ಗುಣಿಸುತ್ತಾರೆ. 40 ವರ್ಷಕ್ಕೆ ಆ ಸಂಖ್ಯೆ 184.17. ಸಂಬಳ 15,000 ಎಂದು ಹಿಡಿದರೆ 13,81,275 ರೂಪಾಯಿ. ಎಷ್ಟು ವಿಧವೆಯರಿಗೆ ಇದು ಗೊತ್ತು? ಗೊತ್ತಿದ್ದರೂ ಕೆಲಸಕ್ಕಿದ್ದ ಎನ್ನುವುದಕ್ಕೆ ಒಂದು ಚೀಟಿ ಇರುವುದಿಲ್ಲ. ಬಾಟಾ ಕೈಗೆ, ಸಂಬಳ ಕೈಗೆ. ಅಂತ್ಯಕ್ರಿಯೆಗೆ ಐವತ್ತು ಸಾವಿರ ಕೊಟ್ಟು ಖಾಲಿ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವುದನ್ನು ದಯೆ ಎನ್ನಬೇಡಿ.

ಗಡಿಯಲ್ಲಿರುವ ನಮ್ಮ ಜನ ಇನ್ನೊಂದು ತಪ್ಪು ತಿಳಿದಿದ್ದಾರೆ. ಅಪಘಾತ ಕರ್ನಾಟಕದಲ್ಲೋ ಆಂಧ್ರದಲ್ಲೋ ಆದರೆ ಅಲ್ಲಿಗೇ ಅಲೆಯಬೇಕು ಎಂದು ಎಷ್ಟೋ ಮನೆಯವರು ಕೇಸನ್ನೇ ಬಿಟ್ಟುಬಿಡುತ್ತಾರೆ. ಹಾಗಿಲ್ಲ. 166ನೇ ಕಲಮಿನ ಪ್ರಕಾರ ನೀವು ವಾಸವಿರುವ ಊರಿನ ನ್ಯಾಯಮಂಡಳಿಯಲ್ಲೇ ಅರ್ಜಿ ಹಾಕಬಹುದು. ಆರು ತಿಂಗಳೊಳಗೆ ಹಾಕಬೇಕೆಂಬ ನಿಯಮ 2022ರ ಏಪ್ರಿಲ್ 1ರಿಂದ ಬಂದಿದೆ. ಅದರ ಮೇಲೆ ಸುಪ್ರೀಂ ಕೋರ್ಟಿನಲ್ಲಿ ವ್ಯಾಜ್ಯವಿದೆ, ಆದರೂ ತಡ ಮಾಡಬೇಡಿ. ಗುದ್ದಿ ಓಡಿಹೋದ ಗಾಡಿ ಸಿಗದಿದ್ದರೂ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಸರ್ಕಾರದ ಯೋಜನೆಯಲ್ಲಿದೆ. ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಆಸ್ಪತ್ರೆ ಬಾಗಿಲಲ್ಲಿ ಪರ್ಸೆಂಟೇಜ್ ಮಾತಾಡುವ ಏಜೆಂಟನ ಕೈಗೆ ಕಾಗದ ಕೊಡಬೇಡಿ.

ಅರ್ಜಿ ಹಾಕುವಾಗ ವಕೀಲರಿಗೆ ಇನ್ನೊಂದು ಮಾತು ಹೇಳಿ: ಆ ಲಾರಿಯ ಜಿಪಿಎಸ್ ದಾಖಲೆ, ಟೋಲ್‌ನ ಫಾಸ್ಟ್ಯಾಗ್ ಸಮಯ, ಟ್ರಿಪ್ ಶೀಟ್ ತರಿಸಿ. ನ್ಯಾಯಮಂಡಳಿಗೆ ಅವನ್ನು ತರಿಸುವ ಅಧಿಕಾರವಿದೆ. ಇದರಿಂದ ಪರಿಹಾರದ ಮೊತ್ತ ಹೆಚ್ಚಾಗುವುದಿಲ್ಲ, ನಿಜ. ಆದರೆ ಡ್ರೈವರ್ ಎಷ್ಟು ಗಂಟೆ ನಿದ್ದೆಗೆಟ್ಟಿದ್ದ ಎಂಬುದು ಒಂದು ಸಲವಾದರೂ ಕಾಗದದ ಮೇಲೆ ಬರಲಿ. ಕಾಗದದ ಮೇಲೆ ಇಲ್ಲದ ತಪ್ಪನ್ನು ಯಾರೂ ತಿದ್ದುವುದಿಲ್ಲ.

ಕೊನೆಗೆ ನಮ್ಮ ಅಂಗಳಕ್ಕೇ ಬರೋಣ. ವರ್ಷಾ ವರ್ಷ ವೇಳಾಂಗಣಿ ಯಾತ್ರೆಗೆ ಗಾಡಿ ಮಾಡುತ್ತೇವೆ. ಶನಿವಾರ ರಾತ್ರಿ ಹೊರಡುತ್ತೇವೆ. ಜಪಸರ ಮುಗಿಸಿ ನಾವೆಲ್ಲ ಮಲಗುತ್ತೇವೆ, ಡ್ರೈವರ್ ಎಚ್ಚರವಿರುತ್ತಾರೆ. ಭಾನುವಾರ ಪೂಜೆ, ಸಮುದ್ರ, ಊಟ. ಡ್ರೈವರ್ ಬಿಸಿಲಲ್ಲಿ ನಿಂತ ಗಾಡಿಯೊಳಗೆ ಒದ್ದಾಡುತ್ತಾರೆ. ಭಾನುವಾರ ರಾತ್ರಿ ಮತ್ತೆ ಅವರೇ ಓಡಿಸಬೇಕು, ಯಾಕೆಂದರೆ ಸೋಮವಾರ ನಮಗೆ ಡ್ಯೂಟಿ ಇದೆ. ಎರಡನೇ ಡ್ರೈವರ್‌ಗೆ ತಲೆಗೆ ನೂರೋ ಇನ್ನೂರೋ ಹೆಚ್ಚಾಗುತ್ತದೆ ಎಂದು ಬೇಡ ಅಂದವರು ನಾವೇ. ವಿಶ್ರಾಂತಿಯ ದಿನದ ಆಜ್ಞೆಯನ್ನು ನಾವು ಬಾಯಿಪಾಠ ಕಲಿತಿದ್ದೇವೆ. ಅದರಲ್ಲಿ ದುಡಿಯುವ ಆಳಿಗೂ ಎತ್ತಿಗೂ ವಿಶ್ರಾಂತಿ ಇದೆ. ನಮ್ಮ ಯಾತ್ರೆಯ ಡ್ರೈವರ್‌ಗೆ ಮಾತ್ರ ಇಲ್ಲ.

ಆದ್ದರಿಂದ ನಮ್ಮ ಯುವಜನ ಸಂಘಕ್ಕೆ ನನ್ನ ಬೇಡಿಕೆ ಮೂರು. ಈ ವರ್ಷದಿಂದ ಇಬ್ಬರು ಡ್ರೈವರ್ ಇಲ್ಲದೆ, ಅವರಿಗೆ ಮಲಗಲು ಒಂದು ರೂಮ್ ಇಲ್ಲದೆ ಯಾತ್ರೆಯ ಗಾಡಿ ಹೊರಡಬಾರದು. ಧರ್ಮಕೇಂದ್ರದಲ್ಲಿರುವ ಡ್ರೈವರ್ ಕುಟುಂಬಗಳನ್ನು ಒಂದು ಭಾನುವಾರ ಕೂರಿಸಿ, ಕೆಲಸದ ದಾಖಲೆ ಮತ್ತು ಪರಿಹಾರದ ಹಕ್ಕನ್ನು ತಿಳಿದವರಿಂದ ಹೇಳಿಸಬೇಕು. ಮೂರನೆಯದು, ನನ್ನ ಹಾಗೆ ಡಿಸ್ಪ್ಯಾಚ್‌ನಲ್ಲಿ, ಗೋಡೌನಿನಲ್ಲಿ, ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಕೂತಿರುವ ತಮ್ಮ ತಂಗಿಯರಿಗೆ: ಡ್ರೈವರ್ 'ಕಣ್ಣು ಎಳೀತಾ ಇದೆ' ಅಂದರೆ 'ಮಲಗಿ ಅಣ್ಣಾ, ಗೇಟಿನವರಿಗೆ ನಾನು ಹೇಳ್ತೀನಿ' ಅನ್ನಿ. ಬೈಸಿಕೊಳ್ಳಬೇಕಾಗುತ್ತದೆ. ಬೈಸಿಕೊಳ್ಳಿ. ಆ ರಾತ್ರಿ ನಾನು ಹಾಗೆ ಅನ್ನಲಿಲ್ಲ.