ದಪ್ಪ ಟಯರಿನ ಸೈಕಲ್ ಮಳೆಗಾಲಕ್ಕೆ ಆದೀತೇ?

“ಮಗ ದಪ್ಪ ಟಯರಿನ ಸೈಕಲ್ ಬೇಕೇ ಬೇಕು ಅಂತ ಹಟ ಹಿಡಿದಿದ್ದಾನೆ. ಮಳೆಗಾಲದಲ್ಲಿ ಬಸ್ಸು ನಿಂತರೂ ಕೊಪ್ಪಕ್ಕೆ ಹೋಗಿ ಅಜ್ಜಿಯ ಮಾತ್ರೆ ತರ್ತೇನೆ ಅಂತಾನೆ. ಕೊಡಿಸಬಹುದೇ?” ಇದು ಬಾಳಗಡಿಯ ಸೋದರಿಯೊಬ್ಬರ ಪ್ರಶ್ನೆ.

ಹುಡುಗನ ಹಟ ಎಂದು ತಳ್ಳಿಹಾಕುವ ಮಾತಲ್ಲ ಇದು. 2019ರ ಆಗಸ್ಟ್‌ನಲ್ಲಿ, ಆಶ್ಲೇಷಾ ಮಳೆಗೆ, ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಕುಸಿದು ವಾಹನ ಸಂಚಾರವೇ ನಿಂತಿತ್ತು. ತುಂಗೆ ಉಕ್ಕಿದರೆ ಶೃಂಗೇರಿಯ ಕಪ್ಪೆ ಶಂಕರ ಮುಳುಗುವುದು ನಿಮಗೇ ಗೊತ್ತು. ಮರ ಬಿದ್ದರೆ ಕರೆಂಟೂ ಇಲ್ಲ, ಫೋನೂ ಇಲ್ಲ. ಅಂಥ ದಿನವೇ ಅಜ್ಜಿಯ ಸಕ್ಕರೆ ಕಾಯಿಲೆಯ ಮಾತ್ರೆ ಮುಗಿದರೆ ಏನು ಗತಿ?

ಸಾಧಾರಣ ಸೈಕಲಿನ ಟಯರು ಸುಮಾರು ಒಂದೂವರೆ ಇಂಚು ಅಗಲ. ಇದರದ್ದು ನಾಲ್ಕು ಇಂಚು. ಅಲಾಸ್ಕಾದ ಹಿಮ, ನ್ಯೂ ಮೆಕ್ಸಿಕೋದ ಮರಳಿನ ಮೇಲೆ ಓಡಿಸಲೆಂದು ಹುಟ್ಟಿದ್ದು. ಗಾಳಿ ಹತ್ತು ಹನ್ನೆರಡು ಪೌಂಡು ಇದ್ದರೂ ಸಾಕು. ಹಾಗಾಗಿ ಸಡಿಲ ಮಣ್ಣು, ಜಲ್ಲಿ, ಗುಂಡಿಗಳ ಮೇಲೆ ಹೂತುಕೊಳ್ಳದೆ ಸಾಗುತ್ತದೆ. ಬಿದ್ದ ಮರ ಅಡ್ಡ ಬಂದರೆ ಎತ್ತಿ ದಾಟಿಸಲೂಬಹುದು. ಪೆಟ್ರೋಲಿನ ಚಿಂತೆಯಿಲ್ಲ.

ಆದರೆ ನಮ್ಮ ಏರುಗಳಲ್ಲಿ ತುಳಿಯುವವರ ಕಷ್ಟ ಬೇರೆ. ಅಗಲ ಟಯರು ರಸ್ತೆಗೆ ಅಂಟಿದಂತೆ ಎಳೆಯುತ್ತದೆ. ಗೇರಿಲ್ಲದ ಸೈಕಲಾದರೆ ಇಳಿದು ತಳ್ಳುವುದೇ ಸೈ. ಪಾಚಿ ಕಟ್ಟಿದ ಸಂಕದ ಮೇಲೆ ದಪ್ಪ ಟಯರೂ ಜಾರುತ್ತದೆ. ಪಂಕ್ಚರಾದರೆ ಅದರ ಟ್ಯೂಬು ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ. ಎಷ್ಟೋ ಸೈಕಲ್‌ಗಳಿಗೆ ಮಡ್‌ಗಾರ್ಡು, ಕ್ಯಾರಿಯರು ಕೂಡ ಇರುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದನ್ನು ಮಗನಿಗೆ ಕೂರಿಸಿಕೊಂಡು ಹೇಳಿ. ಆ ಟಯರುಗಳಲ್ಲಿ ಎಷ್ಟು ಗಾಳಿ ಇರುತ್ತದೆಂದರೆ ಸೈಕಲ್ ನೀರಿನಲ್ಲಿ ತೇಲುತ್ತದೆ. ಇದು ಗುಣವಲ್ಲ, ಅಪಾಯ! ರಸ್ತೆಯ ಮೇಲೆ ಹಳ್ಳ ಹರಿಯುವಾಗ ಅರ್ಧ ಅಡಿ ನೀರಿನ ಸೆಳೆತವೇ ಮನುಷ್ಯನ ಕಾಲು ಕೀಳಬಲ್ಲದು. ತೇಲುವ ಸೈಕಲನ್ನು ಹಿಡಿದುಕೊಂಡವನನ್ನು ಬಿಟ್ಟೀತೇ?

ಜಪಾನಿನಲ್ಲಿ 2011ರ ಮಾರ್ಚ್‌ನಲ್ಲಿ ಭೂಕಂಪವಾಗಿ ಟೋಕಿಯೋದ ರೈಲುಗಳು ನಿಂತಾಗ ಜನ ಸೈಕಲ್ ಕೊಂಡು ಮನೆ ಸೇರಿದರು. ಅವಕ್ಕೆ ದಪ್ಪ ಟಯರೇನೂ ಬೇಕಾಗಲಿಲ್ಲ. ಆದ್ದರಿಂದ ಮನೆಯಲ್ಲಿ ಹಳೆ ಸೈಕಲ್ ಇದ್ದರೆ ಮೊದಲು ಅದರ ಬ್ರೇಕು, ಟಯರು ಸರಿ ಮಾಡಿಸಿ. ಹೇಗೂ ಹೊಸದು ಕೊಳ್ಳುವುದೇ ಆದರೆ, ಮನೆಯ ದಾರಿ ಮಣ್ಣಿನದಾದರೆ, ದಪ್ಪ ಟಯರಿನದೇ ಕೊಡಿಸಿ. ಗೇರು ಇರಲಿ, ಜೊತೆಗೆ ಪಂಪು ಮತ್ತು ಎರಡು ಟ್ಯೂಬು ತನ್ನಿ.

ಮನೆಯ ಕಟ್ಟಳೆ ಹೀಗಿರಲಿ:

* ಮಳೆ ನಿಂತ ಮೇಲೆ, ಹಗಲಿನಲ್ಲಿ ಮಾತ್ರ ಹೊರಡುವುದು.
* ಹರಿಯುವ ನೀರು ಕಂಡರೆ, ಧರೆ ಕುಸಿದಿದ್ದರೆ, ತಂತಿ ಬಿದ್ದಿದ್ದರೆ ಹಿಂದಿರುಗುವುದು.
* ರೋಗಿಯನ್ನು ಸೈಕಲ್ ಮೇಲೆ ಕೂರಿಸುವಂತಿಲ್ಲ. 108ಕ್ಕೆ ಫೋನು ಮಾಡಿ. ಫೋನು ಸತ್ತಿದ್ದರೆ ನೆರೆಯವರನ್ನು ಕೂಗಿ.
* ಆರಿದ್ರಾ ಮಳೆಗೆ ಮುಂಚೆಯೇ ಹದಿನೈದು ದಿನದ ಮಾತ್ರೆ ಹೆಚ್ಚಿಗೆ ತಂದು ಡಬ್ಬಿಯಲ್ಲಿಡಿ. ಇನ್ಸುಲಿನ್ ಇದ್ದರೆ, ಕರೆಂಟು ಹೋದಾಗ ಹೇಗಿಡಬೇಕೆಂದು ಡಾಕ್ಟರರನ್ನು ಈಗಲೇ ಕೇಳಿಕೊಳ್ಳಿ.

ಬಾಯಾರಿದಾಗ ಬಾವಿ ತೋಡಬಾರದು ಅಂತಾರಲ್ಲ! ಡಬ್ಬಿಯಲ್ಲಿ ಮಾತ್ರೆ ಇದ್ದರೆ, ಜಡಿಮಳೆಯಲ್ಲಿ ಮಗನನ್ನು ಯಾವ ಸೈಕಲಿನ ಮೇಲೂ ಕಳಿಸುವ ಪ್ರಸಂಗ ಬಾರದು.