ಲೆಕ್ಕಕ್ಕೆ ಸಿಕ್ಕದ ಮುಂಬಯಿ

ಮುಂಬಯಿಯಲ್ಲಿಯೇ ಜನಿಸಿ ಎಲ್ಫಿನ್‌ಸ್ಟನ್ ವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದ ದಾದಾಭಾಯಿ ನವರೋಜಿಯವರು, 1867-68ರ ಸುಮಾರಿನ ಭಾರತದಲ್ಲಿ ತಲೆಯೊಂದಕ್ಕೆ ವಾರ್ಷಿಕ ವರಮಾನ 20 ರೂಪಾಯಿಯೆಂದು ಗಣಿಸಿ ತೋರಿಸಿದಾಗ, ಬೆಳೆ ಮೊದಲಾದ ಮೂರ್ತ ಪದಾರ್ಥಗಳನ್ನಷ್ಟೇ ಲೆಕ್ಕಕ್ಕೆ ಹಿಡಿದಿದ್ದರು. ಆ ಕ್ರಮವೇ ಇಂದಿಗೂ ಉಳಿದಿದ್ದ ಪಕ್ಷದಲ್ಲಿ, ಮಾಟುಂಗದ ಉಡುಪಿ ಹೋಟೆಲಿನಲ್ಲಿ ದಿನವಿಡೀ ಇಡ್ಲಿ ಬಡಿಸುವ ನಮ್ಮ ಕರಾವಳಿಯ ಹುಡುಗನ ದುಡಿಮೆ ರಾಷ್ಟ್ರೀಯ ಆದಾಯದಲ್ಲಿ ಶೂನ್ಯವೆನಿಸುತ್ತಿತ್ತು.

ಈಗ ಕೇಂದ್ರದ ಸಾಂಖ್ಯಿಕ ಸಚಿವಾಲಯವು ರಾಷ್ಟ್ರೀಯ ಆದಾಯದ ಸರಣಿಗೆ 2011-12ನ್ನು ಬಿಟ್ಟು 2022-23ನ್ನು ಆಧಾರವರ್ಷವನ್ನಾಗಿ ಆರಿಸಿಕೊಂಡಿದೆ. ವಿಶ್ವಸಂಸ್ಥೆಯ ಸಾಂಖ್ಯಿಕ ಆಯೋಗವು 2025ರಲ್ಲಿ ಅಂಗೀಕರಿಸಿದ ನೂತನ ಲೆಕ್ಕಪದ್ಧತಿಯೂ ಎದುರಿಗಿದೆ. ಅದು ಹೇಳುವಂತೆ ದತ್ತಾಂಶವನ್ನು ಆಸ್ತಿಯೆಂದು ಗಣಿಸುವುದು, ನಿಸರ್ಗಸಂಪತ್ತಿನ ಕ್ಷಯವನ್ನು ಕಳೆಯುವುದು, ಇವೆಲ್ಲ ಯುಕ್ತವೇ. ಆದರೆ ನನಗೆ ಮುಖ್ಯವೆಂದು ತೋರುವುದು ಇನ್ನೊಂದು: ಹಳೆಯ ಸರಣಿಯಲ್ಲಿ ನೋಂದಣಿಯಿಲ್ಲದ ಸಣ್ಣ ಉದ್ಯಮಗಳ ಪಾಲನ್ನು 2010-11ರ ಸಮೀಕ್ಷೆಯಿಂದಾರಂಭಿಸಿ, ಬೇರೆ ಸೂಚಕಗಳ ಆಸರೆಯಿಂದ ವರ್ಷವರ್ಷವೂ ಹಿಗ್ಗಿಸುತ್ತ ಬಂದರು, ನೋಟು ರದ್ದತಿ, ಜಿಎಸ್‌ಟಿ, ಕೊರೊನಾ ಇಷ್ಟೂ ನಡುವೆ ಬಂದುಹೋದರೂ ಧಾರಾವಿಯ ಚರ್ಮದ ಕಾರ್ಖಾನೆಯೂ ಕುಂಭಾರವಾಡೆಯ ಆವಿಗೆಯೂ ದೊಡ್ಡ ಉದ್ಯಮಗಳ ಜೊತೆಯಲ್ಲಿಯೇ ಬೆಳೆದವೆಂಬ ಊಹೆ ಅದರೊಳಗೆ ಅಡಗಿತ್ತು. ಹೊಸ ಸರಣಿಯು ವಾರ್ಷಿಕ ಸಮೀಕ್ಷೆಯನ್ನು ಆಶ್ರಯಿಸುವುದರಿಂದ ಈ ದೋಷ ತಗ್ಗೀತು. 2022-23ರಲ್ಲಿ ಅಂಥ ಕೃಷಿಯೇತರ ಉದ್ಯಮಗಳು ಸುಮಾರು 6.5 ಕೋಟಿ, ದುಡಿಯುವವರು ಹತ್ತಿರ ಹತ್ತಿರ 11 ಕೋಟಿ. ಊಹೆಗೆ ಬಿಡತಕ್ಕಷ್ಟು ಅಲ್ಪಸಂಖ್ಯೆಯೇ ಇದು?

ಇಷ್ಟಾದರೂ ಒಂದು ವೈಚಿತ್ರ್ಯ ಉಳಿಯುತ್ತದೆ. ಗಿರಗಾಂವಿನಲ್ಲಿ 1959ರಲ್ಲಿ ಏಳು ಮಂದಿ ಹೆಂಗಸರು ಆರಂಭಿಸಿದ ಲಿಜ್ಜತ್ ಪಾಪಡ್ ಸಂಸ್ಥೆಯಿಂದ ಬೆಳಿಗ್ಗೆ ಹಿಟ್ಟು ಒಯ್ದು, ಮನೆಯಲ್ಲಿ ಹಪ್ಪಳ ಲಟ್ಟಿಸಿ, ತೂಗಿಸಿ ಕೊಟ್ಟು ಕೂಲಿ ಪಡೆಯುವ ಸೋದರಿಯ ದುಡಿಮೆ ರಾಷ್ಟ್ರದ ಉತ್ಪನ್ನ. ಅದೇ ಮಣೆಯ ಮೇಲೆ ಅದೇ ಕೈ ಮಕ್ಕಳಿಗಾಗಿ ಲಟ್ಟಿಸಿದ ಚಪಾತಿ ಅಲ್ಲ. ಚಪಾತಿಗೆ ಬೆಲೆ ಕಟ್ಟಿ ಉತ್ಪನ್ನಕ್ಕೆ ಕೂಡಿಸಬೇಕೆಂಬ ವಾದ ನನ್ನದಲ್ಲ, ಪೇಟೆಯ ಏರಿಳಿತವೇ ಆಗ ಮಸುಕಾಗಿಬಿಡುತ್ತದೆ. ಆದರೆ 2019ರಲ್ಲಿಯೂ 2024ರಲ್ಲಿಯೂ ನಡೆದ ಸಮಯ ವಿನಿಯೋಗ ಸಮೀಕ್ಷೆಗಳು ಕೈಯಲ್ಲಿರುವಾಗ, ಗೃಹಕೃತ್ಯದ ಪ್ರತ್ಯೇಕ ಲೆಕ್ಕವೊಂದನ್ನು ಪಕ್ಕದಲ್ಲಿಯೇ ಪ್ರಕಟಿಸಲು ಅಡ್ಡಿಯೇನು?

ಇನ್ನು ಸಮೀಕ್ಷಕನ ಪಾಡು. ಚಾಳಿನಲ್ಲಿ ಕರೆದು ಕೂರಿಸಿ ಚಹ ಕೊಡುವವರುಂಟು. ಅಂಧೇರಿ, ಪೊವಾಯಿಗಳ ಗಗನಚುಂಬಿ ಸೊಸೈಟಿಗಳಲ್ಲಿ ವಾಚ್‌ಮನ್ ಗೇಟಿನಲ್ಲಿಯೇ ತಡೆದು, ಸೆಕ್ರೆಟರಿಯ ಒಪ್ಪಿಗೆ ತರಹೇಳುತ್ತಾನೆ. ದಿಲ್ಲಿಯಲ್ಲಿ ಮಾನದಂಡಗಳನ್ನು ತಿದ್ದುತ್ತಿರುವ ಪಂಡಿತರು, ಸಮೀಕ್ಷೆಗೆ ಮುಂಚಿತವಾಗಿ ಈ ಸೊಸೈಟಿಗಳಿಗೆ ಸಹಕಾರಿ ಇಲಾಖೆಯ ಮೂಲಕ ಒಂದು ಸುತ್ತೋಲೆ ಕಳಿಸುವ ಏರ್ಪಾಡನ್ನೂ ತಮ್ಮ ಯೋಜನೆಯಲ್ಲಿ ಬರೆದಿಡಲಿ.