ಬ್ರೌಸರ್ ಸ್ವದೇಶಿಯಾದರೆ ಸಾಕೇ? ನಿಮ್ಮ ಪಾಸ್‌ವರ್ಡ್‌ಗಳ ಕೀಲಿಕೈ ಯಾರ ಬಳಿ ಇದೆ?

ಚೆನ್ನೈ: ಮನೆಯ ಕಂಪ್ಯೂಟರ್‌ನಲ್ಲಿ ಸೇವ್ ಮಾಡಿದ ಪಾಸ್‌ವರ್ಡ್ ಮೊಬೈಲ್‌ನಲ್ಲಿ ತಾನಾಗಿಯೇ ತುಂಬಿಕೊಳ್ಳುತ್ತದೆ. ಕಚೇರಿಯಲ್ಲಿ ಅರ್ಧ ಓದಿ ಬಿಟ್ಟ ಪುಟ ರಾತ್ರಿ ಮನೆಯಲ್ಲಿ ತೆರೆದುಕೊಳ್ಳುತ್ತದೆ. ಹೊಸ ಫೋನ್ ಕೊಂಡು ಖಾತೆಗೆ ಲಾಗಿನ್ ಆದರೆ ಸಾಕು, ಹಳೆಯದೆಲ್ಲ ಹಾಜರ್. ಈ ಅನುಕೂಲದ ಹೆಸರು ‘ಸಿಂಕ್’. ಈ ಮಾಹಿತಿ ಒಂದು ಸಾಧನದಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲಿ ಒಂದು ಕಂಪನಿಯ ಸರ್ವರ್‌ನಲ್ಲಿ ತಂಗುತ್ತದೆ. ಅಲ್ಲಿ ಅದನ್ನು ಯಾರು ಓದಬಹುದು ಎಂದು ನಮ್ಮಲ್ಲಿ ಕೇಳಿದವರು ಕಡಿಮೆ.

ಈಗ ಕೇಳಲು ಒಂದು ಕಾರಣವಿದೆ. ಚೆನ್ನೈ ಮೂಲದ ಜೊಹೊ ಕಂಪನಿಯ ‘ಉಲಾ’ ಬ್ರೌಸರ್‌ ಸ್ವದೇಶಿ ತಂತ್ರಜ್ಞಾನದ ಮಾತು ಬಂದಾಗಲೆಲ್ಲ ಮುಂದೆ ಬರುತ್ತಿದೆ. ವಿದೇಶಿ ಬ್ರೌಸರ್ ಬಿಟ್ಟು ದೇಶಿ ಬ್ರೌಸರ್ ಬಳಸಿದರೆ ನಮ್ಮ ಮಾಹಿತಿ ಸುರಕ್ಷಿತ ಎಂಬ ನಂಬಿಕೆ ಬೆಳೆಯುತ್ತಿದೆ. ಈ ನಂಬಿಕೆಯಲ್ಲಿ ಅರ್ಧ ಮಾತ್ರ ಸತ್ಯವಿದೆ.

ಚೆನ್ನೈನಿಂದ ಹೊರಟ ‘ಉಲಾ’

ತಮಿಳಿನಲ್ಲಿ ‘ಉಲಾ’ ಎಂದರೆ ಸಂಚಾರ, ಸುತ್ತಾಟ. ಜೊಹೊ ಇದನ್ನು 2023ರ ಮೇ ತಿಂಗಳಲ್ಲಿ ಬಿಡುಗಡೆ ಮಾಡಿತು. ಅದೇ ವರ್ಷ ಆಗಸ್ಟ್‌ನಲ್ಲಿ ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯ ಭಾರತೀಯ ಬ್ರೌಸರ್ ಅಭಿವೃದ್ಧಿ ಸ್ಪರ್ಧೆಯನ್ನು ಘೋಷಿಸಿತು. ಬೆಂಗಳೂರಿನ ಸಿ-ಡ್ಯಾಕ್ ಕೂಡ ಈ ಸ್ಪರ್ಧೆಯ ಸಂಘಟನೆಯಲ್ಲಿತ್ತು. 2025ರ ಮಾರ್ಚ್‌ನಲ್ಲಿ ಫಲಿತಾಂಶ ಬಂದಾಗ ಮೊದಲ ಸ್ಥಾನ ಮತ್ತು 1 ಕೋಟಿ ರೂಪಾಯಿ ಬಹುಮಾನ ಜೊಹೊ ಪಾಲಾಯಿತು.

ಉಲಾ ತಳಮಟ್ಟದಿಂದ ಹೊಸದಾಗಿ ಬರೆದ ಬ್ರೌಸರ್ ಅಲ್ಲ. ಗೂಗಲ್ ಮುಂದಾಳತ್ವದ ಮುಕ್ತ ತಂತ್ರಾಂಶ ಕ್ರೋಮಿಯಂ ಇದರ ಅಡಿಪಾಯ. ಮೈಕ್ರೋಸಾಫ್ಟ್‌ನ ಎಡ್ಜ್, ಬ್ರೇವ್ ಬ್ರೌಸರ್‌ಗಳೂ ಇದೇ ಅಡಿಪಾಯದ ಮೇಲೆ ನಿಂತಿವೆ. ಇದು ದೋಷವೇನಲ್ಲ. ಆದರೆ ‘ಸ್ವದೇಶಿ’ ಎಂಬ ಪದಕ್ಕೆ ಇಲ್ಲಿರುವ ಅರ್ಥ ಎಷ್ಟು ಎಂಬುದು ಬಳಕೆದಾರರಿಗೆ ಗೊತ್ತಿರಬೇಕು.

ಸಿಂಕ್ ಆಗುವ ಮಾಹಿತಿ ನಿಮ್ಮ ಸಾಧನದಿಂದ ಹೊರಡುವ ಮೊದಲೇ ಗೂಢಲಿಪಿಗೆ ಬದಲಾಗುತ್ತದೆ ಎಂದು ಜೊಹೊ ಹೇಳಿಕೊಂಡಿದೆ. ಭಾರತೀಯ ಗ್ರಾಹಕರ ಮಾಹಿತಿ ಭಾರತದಲ್ಲೇ ಇರುತ್ತದೆ ಎಂದು ಸಂಸ್ಥಾಪಕ ಶ್ರೀಧರ್ ವೆಂಬು 2025ರಲ್ಲಿ ಸ್ಪಷ್ಟಪಡಿಸಿದ್ದರು. ಇವು ಎರಡು ಬೇರೆ ಬೇರೆ ಭರವಸೆಗಳು. ಎರಡನೆಯದು ಮಾಹಿತಿ ಎಲ್ಲಿದೆ ಎಂದು ಹೇಳುತ್ತದೆ. ಮೊದಲನೆಯದು ಅದನ್ನು ಯಾರು ಓದಬಹುದು ಎಂದು ಹೇಳುತ್ತದೆ. ಖಾಸಗಿತನದ ದೃಷ್ಟಿಯಿಂದ ಹೆಚ್ಚು ತೂಕ ಇರುವುದು ಮೊದಲನೆಯದಕ್ಕೆ.

ಬೀಗ ಒಂದೇ, ಕೀಲಿಕೈ ಎರಡು ಕಡೆ

‘ನಿಮ್ಮ ಮಾಹಿತಿ ಎನ್‌ಕ್ರಿಪ್ಟ್ ಆಗಿದೆ’ ಎಂದು ಬಹುತೇಕ ಎಲ್ಲ ಕಂಪನಿಗಳೂ ಹೇಳುತ್ತವೆ. ಅದು ಸುಳ್ಳಲ್ಲ. ಆದರೆ ಲಾಡ್ಜ್ ಕೋಣೆಗೂ ಬೀಗ ಇರುತ್ತದೆ, ಮನೆಯ ಕಪಾಟಿಗೂ ಬೀಗ ಇರುತ್ತದೆ. ಲಾಡ್ಜ್ ಕೋಣೆಯ ಇನ್ನೊಂದು ಕೀಲಿಕೈ ಕೌಂಟರ್‌ನಲ್ಲಿ ನೇತಾಡುತ್ತಿರುತ್ತದೆ. ಕಪಾಟಿನದು ನಿಮ್ಮ ಸೊಂಟದಲ್ಲಿರುತ್ತದೆ.

ಗೂಗಲ್ ಕ್ರೋಮ್‌ನ ಸಿಂಕ್ ತಾನಾಗಿ ಬರುವ ಸ್ಥಿತಿಯಲ್ಲಿ ಲಾಡ್ಜ್ ಕೋಣೆಯಂತೆ. ಮಾಹಿತಿ ದಾರಿಯಲ್ಲೂ ಸರ್ವರ್‌ನಲ್ಲೂ ಎನ್‌ಕ್ರಿಪ್ಟ್ ಆಗಿರುತ್ತದೆ, ಆದರೆ ಅದನ್ನು ಬಿಡಿಸುವ ಕೀಲಿಕೈ ಗೂಗಲ್ ಬಳಿಯೂ ಇರುತ್ತದೆ. ಇದನ್ನು ಬದಲಿಸುವ ದಾರಿ ಕ್ರೋಮ್‌ನಲ್ಲೇ ಇದೆ. ಸಿಂಕ್ ಸೆಟ್ಟಿಂಗ್ಸ್‌ನ ಎನ್‌ಕ್ರಿಪ್ಶನ್ ಆಯ್ಕೆಯಲ್ಲಿ ನಿಮ್ಮದೇ ಪಾಸ್‌ಫ್ರೇಸ್ ಹಾಕಿದರೆ ಗೂಗಲ್ ಅದನ್ನು ಓದಲಾರದು. ಆದರೆ ಗೂಗಲ್ ಪೇಗೆ ಸೇರಿದ ಪಾವತಿ ವಿವರ ಮತ್ತು ವಿಳಾಸಗಳು ಈ ರಕ್ಷಣೆಗೆ ಒಳಪಡುವುದಿಲ್ಲ. ಅಲ್ಲದೆ ಆ ಆಯ್ಕೆ ಇರುವ ಜಾಗಕ್ಕೆ ತಾವಾಗಿ ಹುಡುಕಿಕೊಂಡು ಹೋಗುವವರು ಎಷ್ಟು ಮಂದಿ?

ಮೊಜಿಲ್ಲಾದ ಫೈರ್‌ಫಾಕ್ಸ್‌ನಲ್ಲಿ ಈ ರಕ್ಷಣೆ ಮೊದಲಿನಿಂದಲೇ ಚಾಲೂ ಇರುತ್ತದೆ. ನಿಮ್ಮ ಖಾತೆಯ ಪಾಸ್‌ವರ್ಡ್‌ನಿಂದಲೇ ನಿಮ್ಮ ಸಾಧನದಲ್ಲಿ ಕೀಲಿಕೈ ತಯಾರಾಗುತ್ತದೆ. ಬ್ರೇವ್‌ನಲ್ಲಿ ಖಾತೆಯೇ ಬೇಕಿಲ್ಲ, ಇಪ್ಪತ್ತಕ್ಕೂ ಹೆಚ್ಚು ಪದಗಳ ಒಂದು ಸಂಕೇತವೇ ಕೀಲಿಕೈ. ಆ್ಯಪಲ್‌ನ ಸಫಾರಿಯಲ್ಲಿ ಪಾಸ್‌ವರ್ಡ್ ಮತ್ತು ಹಿಸ್ಟರಿಗೆ ಎಂಡ್ ಟು ಎಂಡ್ ಎನ್‌ಕ್ರಿಪ್ಶನ್ ಇದೆ. ಬುಕ್‌ಮಾರ್ಕ್‌ಗಳಿಗೆ ಅದು ಬೇಕೆಂದರೆ ‘ಅಡ್ವಾನ್ಸ್ಡ್ ಡೇಟಾ ಪ್ರೊಟೆಕ್ಷನ್’ ಅನ್ನು ನೀವೇ ಚಾಲೂ ಮಾಡಬೇಕು.

ಇದಕ್ಕೆ ಬೆಲೆಯೂ ಇದೆ. ಪಾಸ್‌ಫ್ರೇಸ್ ಮರೆತರೆ ಕಂಪನಿ ಅದನ್ನು ನೆನಪಿಸಿ ಕೊಡಲಾರದು. ಕ್ರೋಮ್‌ನಲ್ಲಿ ಸರ್ವರ್‌ನಲ್ಲಿದ್ದ ಸಿಂಕ್ ಮಾಹಿತಿಯನ್ನು ಅಳಿಸಿ ಮತ್ತೆ ಆರಂಭಿಸಬೇಕು. ‘ಪಾಸ್‌ವರ್ಡ್ ಮರೆತಿರಾ?’ ಎಂಬ ಕೊಂಡಿ ಒತ್ತಿದ ತಕ್ಷಣ ಎಲ್ಲವೂ ವಾಪಸ್ ಸಿಗುತ್ತಿದ್ದರೆ, ಇನ್ನೊಂದು ಕೀಲಿಕೈ ಬೇರೆಲ್ಲೋ ಇದೆ ಎಂದೇ ಅರ್ಥ.

‘ಅರಟ್ಟೈ’ ಕಲಿಸಿದ ಪಾಠ

ದೇಶಿ ಎಂಬ ಹೆಸರು ಮಾತ್ರಕ್ಕೆ ಕೀಲಿಕೈ ನಮ್ಮ ಕೈಗೆ ಬರುವುದಿಲ್ಲ ಎಂಬುದಕ್ಕೆ ಜೊಹೊ ಕಂಪನಿಯದೇ ಉದಾಹರಣೆ ಇದೆ. 2025ರ ಸೆಪ್ಟೆಂಬರ್ ಕೊನೆಯಲ್ಲಿ ಅದರ ಮೆಸೇಜಿಂಗ್ ಆ್ಯಪ್ ‘ಅರಟ್ಟೈ’ ಡೌನ್‌ಲೋಡ್ ಒಮ್ಮೆಲೇ ಏರಿತು. ಆಗ ಅದರ ಕರೆಗಳಿಗೆ ಎಂಡ್ ಟು ಎಂಡ್ ಎನ್‌ಕ್ರಿಪ್ಶನ್ ಇತ್ತು, ಪಠ್ಯ ಸಂದೇಶಗಳಿಗೆ ಇರಲಿಲ್ಲ. ವಾಟ್ಸ್‌ಆ್ಯಪ್ 2016ರಲ್ಲೇ ಕೊಟ್ಟಿದ್ದ ಸೌಲಭ್ಯ ಇದು. ಬಳಕೆದಾರರು ಪ್ರಶ್ನಿಸಿದ ಮೇಲೆ, ಅದನ್ನು ತರುವ ಕೆಲಸ ನಡೆಯುತ್ತಿದೆ ಎಂದು ಕಂಪನಿ ಹೇಳಬೇಕಾಯಿತು.

ಅದೇ ಸಮಯದಲ್ಲಿ ಕೇಂದ್ರ ಸಚಿವ ಅಶ್ವಿನಿ ವೈಷ್ಣವ್ ಕಚೇರಿ ಕೆಲಸಕ್ಕೆ ಜೊಹೊ ಬಳಸುವುದಾಗಿ ಪ್ರಕಟಿಸಿದರು. ಅಕ್ಟೋಬರ್‌ನಲ್ಲಿ ಗೃಹ ಸಚಿವ ಅಮಿತ್ ಶಾ ತಮ್ಮ ಇಮೇಲ್ ವಿಳಾಸವನ್ನು ಜೊಹೊ ಮೇಲ್‌ಗೆ ಬದಲಿಸಿದರು. ಒಂದು ಕಂಪನಿಯ ಸೇವೆಗಳ ಮೇಲೆ ಅವಲಂಬನೆ ಹೆಚ್ಚಾದಷ್ಟೂ ಅದು ಕೊಟ್ಟ ಮಾತನ್ನು ಹೊರಗಿನ ತಜ್ಞರು ಪರೀಕ್ಷಿಸಿ ನೋಡುವಂತಿರಬೇಕು. ಕ್ರೋಮಿಯಂ ಕೋಡ್ ಯಾರು ಬೇಕಾದರೂ ಓದಬಹುದು. ಅದರ ಮೇಲೆ ಕಟ್ಟಿದ ಸಿಂಕ್ ಭಾಗದ ಬಗ್ಗೆಯೂ ಸ್ವತಂತ್ರ ಪರಿಶೀಲನೆಯ ವರದಿ ಕೇಳುವ ಹಕ್ಕು ಬಳಕೆದಾರರಿಗಿದೆ. ಗೂಗಲ್‌ಗೆ ಕೇಳುವ ಪ್ರಶ್ನೆಯನ್ನೇ ಜೊಹೊಗೂ ಕೇಳಬೇಕು.

ಸರ್ಕಾರ ಕೇಳಿದರೆ ಏನಾಗುತ್ತದೆ?

ಗೂಢಲಿಪಿ ಮತ್ತು ಸರ್ಕಾರದ ಜಟಾಪಟಿ ಚೆನ್ನೈಗೆ ಹೊಸದಲ್ಲ. ವಾಟ್ಸ್‌ಆ್ಯಪ್ ಸಂದೇಶ ಮೊದಲು ಕಳಿಸಿದವರನ್ನು ಪತ್ತೆ ಹಚ್ಚುವ ಬಗ್ಗೆ ಮದ್ರಾಸ್ ಹೈಕೋರ್ಟ್‌ನಲ್ಲಿ ನಡೆದ ಪ್ರಕರಣದಲ್ಲಿ ಐಐಟಿ ಮದ್ರಾಸ್‌ನ ಪ್ರೊ. ವಿ. ಕಾಮಕೋಟಿ ಅದು ಸಾಧ್ಯ ಎಂದು 2019ರಲ್ಲಿ ವರದಿ ಕೊಟ್ಟಿದ್ದರು. ಐಐಟಿ ಬಾಂಬೆಯ ಪ್ರೊ. ಮನೋಜ್ ಪ್ರಭಾಕರನ್ ಆ ವಾದವನ್ನು ಒಪ್ಪಲಿಲ್ಲ. ಪ್ರಕರಣ ಮುಂದೆ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು.

ಬ್ರೌಸರ್ ಸಿಂಕ್ ವಿಷಯದಲ್ಲಿ ಕಾನೂನು ಹೀಗಿದೆ: ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ ಸೆಕ್ಷನ್ 69ರ ಪ್ರಕಾರ ರಾಷ್ಟ್ರದ ಭದ್ರತೆಯಂಥ ಕಾರಣಗಳಿಗೆ ಸರ್ಕಾರವು ಮಾಹಿತಿಯನ್ನು ಡಿಕ್ರಿಪ್ಟ್ ಮಾಡಿಕೊಡುವಂತೆ ಆದೇಶಿಸಬಹುದು. ಸಹಕರಿಸದಿದ್ದರೆ 7 ವರ್ಷದವರೆಗೆ ಜೈಲು. ಆದರೆ ಇದೇ ಸೆಕ್ಷನ್‌ನಡಿ ಬಂದ 2009ರ ನಿಯಮಗಳು ಕಂಪನಿಗಳ ಹೊಣೆಗೆ ಒಂದು ಮಿತಿ ಹಾಕಿವೆ. ಕಂಪನಿ ತಾನೇ ಎನ್‌ಕ್ರಿಪ್ಟ್ ಮಾಡಿದ್ದರೆ ಅಥವಾ ಕೀಲಿಕೈ ಅದರ ನಿಯಂತ್ರಣದಲ್ಲಿದ್ದರೆ ಮಾತ್ರ ಅದು ಡಿಕ್ರಿಪ್ಟ್ ಮಾಡಿಕೊಡಬೇಕು. ಸರ್ವರ್ ಚೆನ್ನೈನಲ್ಲಿದ್ದರೆ ಭಾರತದ ಕಾನೂನು ಅದನ್ನು ಸುಲಭವಾಗಿ ತಲುಪುತ್ತದೆ. ಕೀಲಿಕೈ ಬಳಕೆದಾರರ ಬಳಿ ಮಾತ್ರ ಇದ್ದರೆ ಕಂಪನಿ ಕೊಡಬಹುದಾದದ್ದು ಓದಲಾಗದ ಅಕ್ಷರರಾಶಿಯನ್ನಷ್ಟೇ.

ಆಗ ಪ್ರಶ್ನೆ ನೇರವಾಗಿ ಬಳಕೆದಾರರ ಬಳಿಗೆ ಬರುತ್ತದೆ. ತನಿಖೆ ವೇಳೆ ಮೊಬೈಲ್ ಅಥವಾ ಇಮೇಲ್ ಪಾಸ್‌ವರ್ಡ್ ಕೊಡುವುದು ತನ್ನ ವಿರುದ್ಧ ತಾನೇ ಸಾಕ್ಷ್ಯ ನುಡಿದಂತೆ ಆಗುವುದಿಲ್ಲ ಎಂದು ಕರ್ನಾಟಕ ಹೈಕೋರ್ಟ್ 2021ರ ಮಾರ್ಚ್‌ನಲ್ಲಿ ವೀರೇಂದ್ರ ಖನ್ನಾ ಪ್ರಕರಣದಲ್ಲಿ ಹೇಳಿತು. ಜತೆಗೆ, ತುರ್ತು ಸಂದರ್ಭ ಬಿಟ್ಟರೆ ಶೋಧನಾ ವಾರಂಟ್ ಬೇಕು ಎಂದೂ ಸ್ಪಷ್ಟಪಡಿಸಿತು. ದೆಹಲಿಯ ಸಿಬಿಐ ವಿಶೇಷ ನ್ಯಾಯಾಲಯ 2022ರಲ್ಲಿ ಇದಕ್ಕೆ ಭಿನ್ನವಾದ ನಿಲುವು ತಳೆಯಿತು. ಅಂದರೆ ಕೀಲಿಕೈ ನಿಮ್ಮಲ್ಲಿದ್ದರೆ ಕಾನೂನಿನಿಂದ ತಪ್ಪಿಸಿಕೊಳ್ಳಬಹುದು ಎಂದಲ್ಲ. ಕೇಳುವವರು ನಿಮ್ಮನ್ನೇ ಕೇಳಬೇಕಾಗುತ್ತದೆ. ನಿಮಗೆ ಗೊತ್ತಿಲ್ಲದಂತೆ ಮಾಹಿತಿ ಕೈಬದಲಾಗುವುದಿಲ್ಲ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟಿದ್ದು ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ. ಆ ತೀರ್ಪಿನ ಬೆನ್ನಿಗೆ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ಭದ್ರತೆಯಲ್ಲಿ ಲೋಪವಾದರೆ 250 ಕೋಟಿ ರೂಪಾಯಿವರೆಗೆ ದಂಡವಿದೆ. 2025ರ ನವೆಂಬರ್‌ನಲ್ಲಿ ಬಂದ ಅದರ ನಿಯಮಗಳು ಎನ್‌ಕ್ರಿಪ್ಶನ್ ಅನ್ನು ಭದ್ರತಾ ಕ್ರಮಗಳಲ್ಲಿ ಒಂದಾಗಿ ಹೆಸರಿಸಿವೆ. ಆದರೆ ಕೀಲಿಕೈ ಬಳಕೆದಾರರ ಬಳಿಯೇ ಇರಬೇಕು ಎಂದು ಅವು ಹೇಳುವುದಿಲ್ಲ. ಲಾಡ್ಜ್ ಬೀಗ ಹಾಕಿದ ಕಂಪನಿಯೂ ಎನ್‌ಕ್ರಿಪ್ಶನ್ ಇದೆ ಎಂದು ಹೇಳಿಕೊಳ್ಳಬಹುದು.

ಕಳ್ಳರು ಬರುವ ದಾರಿ

ಸಿಂಕ್‌ನಿಂದ ಆದ ದೊಡ್ಡ ಅನಾಹುತಗಳಲ್ಲಿ ಯಾರೂ ಗೂಢಲಿಪಿಯನ್ನು ಒಡೆದಿಲ್ಲ. 2022ರಲ್ಲಿ ಸಿಸ್ಕೊ ಕಂಪನಿಯ ಜಾಲಕ್ಕೆ ನುಗ್ಗಿದವರು ಉದ್ಯೋಗಿಯೊಬ್ಬರ ವೈಯಕ್ತಿಕ ಗೂಗಲ್ ಖಾತೆಯನ್ನು ವಶಪಡಿಸಿಕೊಂಡಿದ್ದರು. ಬ್ರೌಸರ್‌ನಲ್ಲಿ ಸೇವ್ ಆಗಿದ್ದ ಕಂಪನಿಯ ಪಾಸ್‌ವರ್ಡ್ ಆ ಖಾತೆಗೆ ಸಿಂಕ್ ಆಗಿತ್ತು. 2023ರಲ್ಲಿ ಓಕ್ಟಾ ಕಂಪನಿಯಲ್ಲೂ ಉದ್ಯೋಗಿಯೊಬ್ಬರು ಕಚೇರಿ ಲ್ಯಾಪ್‌ಟಾಪ್‌ನ ಕ್ರೋಮ್‌ನಲ್ಲಿ ಸ್ವಂತ ಗೂಗಲ್ ಖಾತೆಗೆ ಲಾಗಿನ್ ಆಗಿದ್ದರು. ಕಂಪನಿಯ ಒಂದು ಸೇವಾ ಖಾತೆಯ ಪಾಸ್‌ವರ್ಡ್ ಅಲ್ಲಿಗೆ ಸೇರಿಕೊಂಡಿತ್ತು. 134 ಗ್ರಾಹಕ ಸಂಸ್ಥೆಗಳ ಕಡತಗಳಿಗೆ ದಾಳಿಕೋರರ ಕೈ ತಲುಪಿತು.

ಬೆಂಗಳೂರು, ಚೆನ್ನೈನ ಐಟಿ ಉದ್ಯೋಗಿಗಳಿಗೆ ಈ ಎರಡು ಘಟನೆಗಳು ದೂರದ ಸುದ್ದಿಯಲ್ಲ. ಕಚೇರಿ ಲ್ಯಾಪ್‌ಟಾಪ್‌ನಲ್ಲಿ ಸ್ವಂತ ಜಿಮೇಲ್ ತೆರೆಯುವುದು ದಿನನಿತ್ಯದ ಮಾತು. ಹಳ್ಳಿ-ಪಟ್ಟಣಗಳಲ್ಲಿ ಅಪಾಯ ಬೇರೆ ರೂಪದಲ್ಲಿದೆ: ಸೈಬರ್ ಸೆಂಟರ್‌ನ ಕಂಪ್ಯೂಟರ್‌ನಲ್ಲಿ ಲಾಗಿನ್ ಆಗಿ ‘ಸಿಂಕ್ ಮಾಡಲೇ?’ ಎಂಬ ಪ್ರಶ್ನೆಗೆ ಓದದೆ ‘ಹೌದು’ ಒತ್ತಿದರೆ ಮನೆಯವರೆಲ್ಲರ ಪಾಸ್‌ವರ್ಡ್ ಆ ಕಂಪ್ಯೂಟರ್‌ಗೆ ಇಳಿಯಬಹುದು.

ನೀವು ಏನು ಮಾಡಬಹುದು?

* ಬ್ರೌಸರ್‌ನ ಸಿಂಕ್ ಸೆಟ್ಟಿಂಗ್ಸ್ ತೆರೆದು ಏನೇನು ಸಿಂಕ್ ಆಗುತ್ತಿದೆ ನೋಡಿ. ಬೇಡದ್ದನ್ನು ಆಫ್ ಮಾಡಿ.
* ಎಂಡ್ ಟು ಎಂಡ್ ಎನ್‌ಕ್ರಿಪ್ಶನ್ ಅಥವಾ ಪಾಸ್‌ಫ್ರೇಸ್ ಆಯ್ಕೆ ಇದ್ದರೆ ಚಾಲೂ ಮಾಡಿ. ಪಾಸ್‌ಫ್ರೇಸ್ ಅನ್ನು ಕಾಗದದಲ್ಲಿ ಬರೆದು ಮನೆಪತ್ರಗಳ ಜತೆ ಜೋಪಾನವಾಗಿಡಿ.
* ಖಾತೆಗೆ ಎರಡು ಹಂತದ ದೃಢೀಕರಣ ಹಾಕಿ.
* ಕಚೇರಿಯ ಬ್ರೌಸರ್‌ನಲ್ಲಿ ಸ್ವಂತ ಖಾತೆಯ ಸಿಂಕ್ ಬೇಡ. ಬೇರೆಯವರ ಕಂಪ್ಯೂಟರ್‌ನಲ್ಲಿ ಅತಿಥಿ ಅಥವಾ ಖಾಸಗಿ ವಿಂಡೋ ಬಳಸಿ.
* ಹಳೆಯ ಫೋನ್ ಮಾರುವ ಮೊದಲು ಖಾತೆಯಿಂದ ಆ ಸಾಧನವನ್ನು ತೆಗೆದುಹಾಕಿ.

2025ರ ಫೆಬ್ರವರಿಯಲ್ಲಿ ಬ್ರಿಟನ್ ಸರ್ಕಾರದ ಒತ್ತಡಕ್ಕೆ ಸಿಕ್ಕ ಆ್ಯಪಲ್, ಅಡ್ವಾನ್ಸ್ಡ್ ಡೇಟಾ ಪ್ರೊಟೆಕ್ಷನ್ ಸೌಲಭ್ಯವನ್ನು ಆ ದೇಶದಲ್ಲಿ ಹಿಂಪಡೆಯಿತು. ಬಳಕೆದಾರರ ಕೈಯಲ್ಲಿದ್ದ ಕೀಲಿಕೈ ಒಂದು ಆದೇಶದಿಂದ ಇಲ್ಲವಾಗಬಹುದು ಎಂಬುದಕ್ಕೆ ಇದೇ ಸಾಕ್ಷಿ. ಚೆನ್ನೈನಲ್ಲಿ ಒಂದು ಒಳ್ಳೆಯ ಬ್ರೌಸರ್ ತಯಾರಾಗಿದ್ದು ಸಂತೋಷದ ಸಂಗತಿ. ಮುಂದೊಂದು ದಿನ ಅಂಥ ಆದೇಶ ಭಾರತದಲ್ಲೂ ಬಂದರೆ ದೇಶಿ ಕಂಪನಿಯೊಂದು ಬಳಕೆದಾರರ ಪರ ನಿಲ್ಲುತ್ತದೆಯೇ ಎಂಬ ಪ್ರಶ್ನೆಗೆ ಮಾತ್ರ ಉತ್ತರ ಇನ್ನೂ ಸಿಗಬೇಕಿದೆ.